ಮಂತ್ರಲೋಕದಲ್ಲಿ ಪ್ರೀತಿಗೊಂದು ಅಡ್ಡಿ

ಮೆಚ್ಚಿಕೊಂಡ ಇಬ್ಬರು ಮೊದಲ ಭೇಟಿಯಲ್ಲೇ ಕೈಹಿಡಿದರೆ ಕಾದಂಬರಿ ಹತ್ತನೇ ಪುಟಕ್ಕೆ ಮುಗಿದುಹೋಗುತ್ತದೆ. ನಮ್ಮ ಕಥೆಗಾರರಿಗೆ ಅಡ್ಡಿಗಳ ಬರವಿಲ್ಲ. ಜಾತಿ, ಜಾತಕ, ಅಪ್ಪನ ಹಟ, ಏನಾದರೊಂದು ಸಿಕ್ಕೇ ಸಿಗುತ್ತದೆ. ಅಮೆರಿಕದ ಹೈಸ್ಕೂಲಿನ ಹುಡುಗ ಹುಡುಗಿ ಜೊತೆಯಾಗಿ ತಿರುಗಿದರೆ ತಡೆಯುವವರು ಕಡಿಮೆ. ಹದಿಹರೆಯದವರಿಗಾಗಿ ಬರೆಯುವ ಫ್ಯಾಂಟಸಿ ಲೇಖಕರು ಆ ಅಡ್ಡಿಯನ್ನು ಮಂತ್ರಲೋಕದಿಂದ ತಂದರು. ಈ ಪುಸ್ತಕಗಳ ಸೆಳೆತದ ಗುಟ್ಟು ಬಹುಪಾಲು ಅಲ್ಲೇ ಇದೆ.

ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ (2005) ನಡೆಯುವುದು ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಮಳೆಯೂರಿನಲ್ಲಿ. ಬೆಲ್ಲಾಳಿಗೆ 17 ವರ್ಷ. ಸಹಪಾಠಿ ಎಡ್ವರ್ಡ್ ನೋಡಲು ಅವಳದೇ ವಯಸ್ಸಿನವನು, ಹುಟ್ಟಿದ್ದು ಮಾತ್ರ 1901ರಲ್ಲಿ. 1918ರ ಸ್ಪ್ಯಾನಿಷ್ ಫ್ಲೂಗೆ ಬಲಿಯಾಗಬೇಕಿದ್ದವನು ವ್ಯಾಂಪೈರ್ ಆಗಿ ಉಳಿದಿದ್ದಾನೆ. ಬೆಲ್ಲಾಳ ರಕ್ತದ ವಾಸನೆಗೆ ಅವನ ಹಸಿವು ಕೆರಳುತ್ತದೆ, ಮೈಮರೆತರೆ ಕೊಂದೇಬಿಟ್ಟಾನು. ಹಾಗಾಗಿ ಒಂದು ಮುತ್ತಿಗೂ ಪ್ರಾಣಭಯದ ಬೆಲೆ. ಇನ್ನೊಂದು ಜಾಣ ಏರ್ಪಾಟೂ ಇದೆ. ಎಲ್ಲರ ಮನಸ್ಸನ್ನು ಓದಬಲ್ಲ ಎಡ್ವರ್ಡ್‌ಗೆ ಬೆಲ್ಲಾಳ ಮನಸ್ಸು ಮಾತ್ರ ಕೇಳಿಸದು. ತನ್ನಲ್ಲಿ ವಿಶೇಷವೇನೂ ಇಲ್ಲ ಎಂದುಕೊಂಡ ಹುಡುಗಿಯೇ ಅವನಿಗೆ ಬಿಡಿಸಲಾಗದ ಒಗಟು! ಹದಿನೈದರ ಓದುಗಿಗೆ ಇದಕ್ಕಿಂತ ಸಿಹಿಯಾದ ಆಮಿಷ ಯಾವುದು? ಆದರೆ ಅವಳಿಗೆ ತಿಳಿಯದಂತೆ ರಾತ್ರಿ ಕೋಣೆಗೆ ನುಗ್ಗಿ, ಮಲಗಿದವಳನ್ನು ನೋಡುತ್ತಾ ಕೂರುವುದನ್ನೂ ಕಾದಂಬರಿ ಒಲವಿನ ಲೆಕ್ಕಕ್ಕೇ ಬರೆಯುತ್ತದೆ. ಪಕ್ಕದ ಬೀದಿಯ ಹುಡುಗ ಹೀಗೆ ಮಾಡಿದರೆ ಠಾಣೆಗೆ ದೂರು ಹೋಗುತ್ತದೆ.

ಹಾಲಿ ಬ್ಲ್ಯಾಕ್ ಅವರ ‘ದಿ ಕ್ರೂಯಲ್ ಪ್ರಿನ್ಸ್’ (2018) ನನಗೆ ಹೆಚ್ಚು ಚುರುಕಾಗಿ ಕಾಣುತ್ತದೆ. ಅಲ್ಲಿನ ಕಿನ್ನರರಿಗೆ ಸುಳ್ಳು ಹೇಳಲು ಬಾರದು. ಮಾತು ತಿರುಚಿಯಾರು, ಅರ್ಧ ನುಂಗಿಯಾರು, ಅಷ್ಟೇ. ಅವರ ನಡುವೆ ಬೆಳೆದ ಮನುಷ್ಯಳು ಜೂಡ್. ಸುಳ್ಳೇ ಅವಳ ಆಯುಧ. ತನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದ ರಾಜಕುಮಾರ ಕಾರ್ಡನ್ ಕೈಸೆರೆಯಾದಾಗ ಅವಳು ಕೆದಕಿ ಕೇಳುತ್ತಾಳೆ. ತಾನು ಅವಳನ್ನೇ ನೆನೆಯುತ್ತಿರುತ್ತೇನೆಂದು, ಅದು ತನಗೇ ಅಸಹ್ಯವೆಂದು ಅವನು ಒಪ್ಪಿಕೊಳ್ಳಬೇಕಾಗುತ್ತದೆ. ಸವಿನುಡಿ ಒಂದೂ ಇಲ್ಲ, ಆದರೂ ನಂಬದೆ ವಿಧಿಯಿಲ್ಲ. ಹುಡುಗನ ಮಾತು ನಿಜವೋ ನಟನೆಯೋ ಎಂಬ ಅಳುಕಿಗೆ ಆ ಲೋಕದ ಕಟ್ಟಳೆಯೇ ಜಾಮೀನು ನಿಲ್ಲುತ್ತದೆ.

ಇದಕ್ಕೆಲ್ಲ ಮೊದಲೇ, 1986ರಲ್ಲಿ, ಇಂಗ್ಲೆಂಡಿನ ಡಯಾನಾ ವಿನ್ ಜೋನ್ಸ್ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಬರೆದಿದ್ದರು. ಟೋಪಿ ಅಂಗಡಿಯ ಸೋಫಿ ಮೂವರು ಅಕ್ಕತಂಗಿಯರಲ್ಲಿ ಹಿರಿಯಳು, ಸಂಕೋಚದ ಮುದ್ದೆ. ಮಾಟಗಾತಿಯ ಶಾಪದಿಂದ ರಾತ್ರೋರಾತ್ರಿಯಲ್ಲ, ಹಾಡಹಗಲೇ ಮುದುಕಿಯಾಗುತ್ತಾಳೆ. ಶಾಪದ ಸಂಗತಿ ಯಾರಿಗೂ ಹೇಳುವಂತಿಲ್ಲ. ಆದರೆ ಮುದುಕಿಯಾದದ್ದೇ ತಡ, ನಾಲಿಗೆ ಬಿಚ್ಚಿಕೊಳ್ಳುತ್ತದೆ. ಮಾಂತ್ರಿಕ ಹೌಲ್‌ನ ಮನೆ ಗುಡಿಸುತ್ತಾಳೆ, ಅವನ ಸೋಗಿಗೆ ಬೈಯುತ್ತಾಳೆ. ಪ್ರೀತಿ ಹುಟ್ಟುವುದು ಈ ಜಗಳಗಳಲ್ಲೇ. ಹೌಲ್ ಗುಟ್ಟಾಗಿ ಶಾಪ ಬಿಡಿಸಲು ಹೋಗಿ ಸೋಲುತ್ತಾನೆ. ಮುದುಕಿಯ ವೇಷ ಅವಳಿಗೇ ಹಿಡಿಸಿಬಿಟ್ಟಿದೆ ಎಂದು ಅವನ ಗುಮಾನಿ.