ಬೇಡನಿಗೇಕೆ ದೇವಲೋಕದ ರಹದಾರಿ?

1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರವೆಂಬುದು ಎಲ್ಲರಿಗೂ ಗೊತ್ತು. ಆ ನಾಯಕ ತೆರೆಗೆ ಬಂದದ್ದು ಕಿರೀಟ ತೊಟ್ಟಲ್ಲ, ಬಿಲ್ಲು ಹಿಡಿದ ಬೇಟೆಗಾರನಾಗಿ ಎಂಬುದರ ಬಗ್ಗೆ ಮಾತು ಕಡಿಮೆ. ಗುಬ್ಬಿ ಕಂಪನಿಯ ರಂಗದ ನಂಟಿನಿಂದ ಹುಟ್ಟಿ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಚಿತ್ರವದು. ಕಣ್ಣಪ್ಪನ ಕಥೆಯೇ ಮಡಿಯನ್ನು ಕೆಣಕುವಂಥದ್ದು. ಬಾಯಲ್ಲಿ ತುಂಬಿ ತಂದ ನೀರೇ ಅಭಿಷೇಕ, ಕಚ್ಚಿ ರುಚಿ ನೋಡಿದ ಮಾಂಸವೇ ನೈವೇದ್ಯ. ಶಿವನಿಗೆ ಕೊಡಲು ತನ್ನ ಎರಡನೇ ಕಣ್ಣನ್ನೂ ಕಿತ್ತರೆ ಜಾಗ ಕಾಣದೆಂದು ಗುರುತಿಗಾಗಿ ಶಿವನ ಕಣ್ಣ ಮೇಲೆ ಕಾಲಿಡುವವನು ಅವನು. ಇದರ ಜೊತೆಗೆ ಅರ್ಚಕನನ್ನೇ ಖಳನಾಗಿಸುವ ಎದೆಗಾರಿಕೆ ಚಿತ್ರಕ್ಕಿತ್ತು. ಅಷ್ಟಿದ್ದೂ ಆರಂಭದಲ್ಲೇ ಒಂದು ಷರತ್ತು ಬಂದುಬಿಡುತ್ತದೆ. ಮುಂದೆ ಕಣ್ಣಪ್ಪನಾಗುವ ದಿಣ್ಣ, ಅವನ ಹೆಂಡತಿ ನೀಲಾ ಮೂಲತಃ ಬೇಡರಲ್ಲ, ಶಾಪಕ್ಕೊಳಗಾಗಿ ದೇವಲೋಕದಿಂದ ಭೂಮಿಗೆ ತಳ್ಳಿಸಿಕೊಂಡವರು. ತಮಿಳಿನ ಪೆರಿಯಪುರಾಣದ ತಿಣ್ಣನಾದರೋ ಬೇಡರೊಡೆಯನ ಮಗ, ಕಾಡಿನಲ್ಲೇ ಬೆಳೆದವನು. ಕಾಡಿನವನು ನಾಯಕನಾಗಲು ತೆರೆಯ ಮೇಲೆ ಮಾತ್ರ ಮೇಲಿನ ಲೋಕದ ರಹದಾರಿ ಬೇಕಾಯಿತು.

ಶಾಪ ಪುರಾಣದ ಮಾಮೂಲಿ ಕಟ್ಟು, ಜಯವಿಜಯರಿಗೂ ತಪ್ಪಲಿಲ್ಲ, ಇದರಲ್ಲಿ ಜಾತಿ ಹುಡುಕುವುದೇಕೆ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಶಾಪ ಯಾವ ದಿಕ್ಕಿಗೆ ಹರಿಯುತ್ತದೆ ನೋಡಿ. ಮುನಿದ ಋಷಿಗಳು ‘ರಾಕ್ಷಸನಾಗಿ ಹುಟ್ಟು’, ‘ಬೇಡನಾಗಿ ಹುಟ್ಟು’ ಎಂದಾರೇ ಹೊರತು, ‘ಅರಮನೆಯಲ್ಲಿ ಸುಖವಾಗಿ ಹುಟ್ಟು’ ಎನ್ನುವುದಿಲ್ಲ. ಯಾವ ಹುಟ್ಟು ಶಿಕ್ಷೆಯೆಂದು ಕಥೆ ಎಣಿಸಿದೆಯೋ ಅಲ್ಲೇ ಅದರ ಲೋಕದೃಷ್ಟಿ ಬಯಲಾಗುತ್ತದೆ. ಹಾಗೆಂದು ಕನ್ನಡದ ಪೌರಾಣಿಕ ಚಿತ್ರಗಳೆಲ್ಲ ಅರಮನೆಯ ಪರ ನಿಂತವು ಎನ್ನಲಾಗದು. ಹುಣಸೂರು ಕೃಷ್ಣಮೂರ್ತಿ ಅವರ ‘ಬಭ್ರುವಾಹನ’ದಲ್ಲಿ (1977) ಅಪ್ಪ ಅರ್ಜುನ, ಮಗ ಬಭ್ರುವಾಹನ ಇಬ್ಬರೂ ರಾಜ್‌ಕುಮಾರರೇ. ಸವಾಲಿನ ಹಾಡಿಗೆ ಮಾತ್ರ ಎರಡು ಕಂಠ, ಒಂದು ಅವರದೇ, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು. ಹಸ್ತಿನಾಪುರದಿಂದ ದೂರದ ಮಣಿಪುರದಲ್ಲಿ ತಾಯಿಯ ಮಡಿಲಲ್ಲಿ ಬೆಳೆದ ಹುಡುಗ ಅರ್ಜುನನ ಪರಾಕ್ರಮದ ಲೆಕ್ಕ ಕೇಳುವ ಆ ದೃಶ್ಯದಲ್ಲಿ ಪುರಾಣವನ್ನು ಅಂಚಿನಿಂದ ನೋಡುವ ಕಣ್ಣಿದೆ. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ದ ಹೊತ್ತಿಗೆ ಕಣ್ಣಪ್ಪನಾಗಿ ಮಗ ಶಿವರಾಜ್‌ಕುಮಾರ್ ಬಂದರು, ಹಳೆಯ ಬೇಡ ಸ್ವತಃ ಶಿವನಾದರು. ಬಡ್ತಿ ಸಿಕ್ಕಿದ್ದು ನಟನಿಗೆ.

2022ರ ‘ಕಾಂತಾರ’ದ ಶಿವನಿಗೆ ಶಾಪದ ಹಂಗಿಲ್ಲ. ಅವನು ದೈವದ ಕೋಲ ಕಟ್ಟುವವನ ಮಗ, ಕಾಡಂಚಿನವನು, ಅಷ್ಟೇ ಸಾಕಾಯಿತು. ದೈವಗಳಾದ ಪಂಜುರ್ಲಿ, ಗುಳಿಗರು ಭೂಮಿಯ ಒಡೆತನದ ಮಾತೆತ್ತಿದಾಗ ಧಣಿಯ ಗತ್ತು ಅಲುಗುತ್ತದೆ. ಕಣ್ಣಪ್ಪನಿಂದ ಇಲ್ಲಿಗೆ ಬರಲು 68 ವರ್ಷ ಹಿಡಿಯಿತು. ಆದರೂ ರಹದಾರಿ ಕೇಳುವ ಚಾಳಿ ಪೂರ್ತಿ ಹೋಗಿಲ್ಲ. ತುಳುವಿನ ಹಾಡುಗಥೆಗಳಾದ ಪಾಡ್ದನಗಳಲ್ಲಿ ತನ್ನದೇ ಕಥೆಯುಳ್ಳ ಪಂಜುರ್ಲಿ, ‘ವರಾಹ ರೂಪಂ’ ಹಾಡಿನ ಸಂಸ್ಕೃತಮಯ ಶೈಲಿಯಲ್ಲಿ ವಿಷ್ಣುವಿನ ಅವತಾರದ ನೆರಳಿಗೆ ಸರಿಯುತ್ತದೆ. ದೊಡ್ಡ ದೇವರ ನಂಟು ತೋರಿಸಿದರೆ ಹೊರನಾಡಿನವರಿಗೆ ಬೇಗ ಅರ್ಥವಾಗುತ್ತದೆ ಎಂಬ ಸಮರ್ಥನೆಯುಂಟು. ಅರ್ಥವಾಗುವುದು ನಿಜ, ಅರ್ಥವಾದದ್ದು ಪಂಜುರ್ಲಿಯೋ ವರಾಹನೋ ಎಂಬುದು ಬೇರೆ ಮಾತು.

ಹಾಗಾದರೆ ಬೇಡನ ಪಾತ್ರ ಬೇಡನೇ ಮಾಡಬೇಕೇ? ನಟನೆಗೆ ಜಾತಿಪತ್ರ ಕೇಳುವುದಾಗಿದ್ದರೆ, ಗಂಡಸರು ಸೀರೆಯುಟ್ಟು ರಂಗಕ್ಕೆ ಬರುತ್ತಿದ್ದ ನಾಟಕ ಕಂಪನಿಗಳು ಮೊದಲ ದಿನವೇ ಪರದೆ ಇಳಿಸಬೇಕಿತ್ತು. ಕೋಲದ ಸಂಗತಿ ಬೇರೆ. ಮುಖಕ್ಕೆ ಬಣ್ಣ ಬಳಿದು, ಅಣಿ ಕಟ್ಟಿ, ಗಗ್ಗರ ತೊಡುವ ನಲಿಕೆ, ಪಂಬದ, ಪರವ ಸಮುದಾಯಗಳವರಿಗೆ ಅದು ಪಾತ್ರವಲ್ಲ, ವಂಶದ ಹೊಣೆ. ಆದ್ದರಿಂದ ತೆರೆಯ ಮೇಲೆ ಯಾರು ಕುಣಿದರು ಎಂಬುದಕ್ಕಿಂತ ಕಥೆ ಕಟ್ಟುವಾಗ, ಲಾಭ ಹಂಚುವಾಗ ಅವರಲ್ಲಿ ಯಾರು ಕೂತಿದ್ದರು ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಸಿನಿಮಾಕ್ಕೆ ಶಕ್ತಿಯಿಲ್ಲವೆಂದಲ್ಲ. ‘ಕಾಂತಾರ’ ತೆರೆಕಂಡು ತಿಂಗಳು ತುಂಬುವ ಮೊದಲೇ, 60 ದಾಟಿದ ದೈವನರ್ತಕರಿಗೆ ರಾಜ್ಯ ಸರ್ಕಾರ ಮಾಸಾಶನ ಘೋಷಿಸಿತು: ತಿಂಗಳಿಗೆ 2,000 ರೂಪಾಯಿ.