ಮಳೆಗಾಲದಲ್ಲಿ ಸೋಲಾರ್ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೇ? ಆ್ಯಸಿಡ್ ಸುರಿಯುವ ಮುನ್ನ ಇದನ್ನು ಓದಿ

ಕಳಸ, ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಮಳೆ ಹಿಡಿದರೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವಂತಿಲ್ಲ. ಕಾಫಿ ತೋಟದ ನಡುವಿನ ಒಂಟಿ ಮನೆಗಳಿಗೆ ಆಗ ಸೋಲಾರ್ ದೀಪವೇ ಗತಿ. ಅದೂ ಸಂಜೆಯೇ ಮಂಕಾದರೆ ಸಿಗುವ ಸಲಹೆಗಳು ಎರಡು: "ಸ್ವಲ್ಪ ಆ್ಯಸಿಡ್ ಹಾಕಿ, ಸರಿಹೋಗುತ್ತದೆ" ಅಥವಾ "ಬ್ಯಾಟರಿ ಸತ್ತಿದೆ, ಬದಲಿಸಿ". ಇದರಲ್ಲಿ ನಿಜವೆಷ್ಟು? ನೋಡೋಣ.

ಬ್ಯಾಟರಿ ಸತ್ತಿದೆಯೋ, ಹಸಿದಿದೆಯೋ?

ಒಂದು ಲೆಕ್ಕ ಹಾಕೋಣ. 75 ವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 300 ವ್ಯಾಟ್-ಅವರ್ ವಿದ್ಯುತ್ ಕೊಡುತ್ತದೆ. ದಟ್ಟ ಮೋಡದ ದಿನ ಅದು ಹತ್ತನೇ ಒಂದು ಭಾಗಕ್ಕೆ, ಅಂದರೆ 30ಕ್ಕೆ ಇಳಿಯಬಹುದು. 5 ವ್ಯಾಟ್‌ನ ಮೂರು ಎಲ್‌ಇಡಿ ಬಲ್ಬ್ ನಾಲ್ಕು ಗಂಟೆ ಉರಿದರೆ ಖರ್ಚು 60. ಬರುವುದಕ್ಕಿಂತ ಹೋಗುವುದೇ ಹೆಚ್ಚು. ಹೀಗೆ ಕೆಲವು ದಿನ ಕಳೆದರೆ ಎಷ್ಟೇ ಒಳ್ಳೆಯ ಬ್ಯಾಟರಿಯೂ ಬರಿದಾಗುತ್ತದೆ.

ಆ್ಯಸಿಡ್ ಏಕೆ ಬೇಡ?

ಲೆಡ್-ಆ್ಯಸಿಡ್ ಬ್ಯಾಟರಿಯೊಳಗೆ ಇರುವುದು ನೀರು ಬೆರೆತ ಸಲ್ಫ್ಯೂರಿಕ್ ಆ್ಯಸಿಡ್. ಚಾರ್ಜ್ ಇಳಿದಂತೆ ಆ್ಯಸಿಡ್‌ನ ಸಲ್ಫೇಟ್ ಸೀಸದ ಪ್ಲೇಟುಗಳಿಗೆ ಅಂಟಿಕೊಳ್ಳುತ್ತದೆ. ಆಗ ಅಳೆದರೆ ದ್ರಾವಣ ತೆಳುವಾಗಿ ಕಾಣುತ್ತದೆ. "ಆ್ಯಸಿಡ್ ಕಮ್ಮಿಯಾಗಿದೆ" ಎಂಬ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ. ಪೂರ್ತಿ ಚಾರ್ಜ್ ಮಾಡಿದರೆ ಆ ಸಲ್ಫೇಟ್ ದ್ರಾವಣಕ್ಕೇ ಮರಳುತ್ತದೆ. ಮೇಲಿಂದ ಆ್ಯಸಿಡ್ ಸುರಿದರೆ ಅದು ಅತಿಯಾಗಿ ಪ್ಲೇಟುಗಳು ಬೇಗ ಹಾಳಾಗುತ್ತವೆ.

ಬಳಕೆಯಲ್ಲಿ ನಿಜವಾಗಿ ಕಡಿಮೆಯಾಗುವುದು ನೀರು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಅದೂ ಗುರುತಿನ ಮಟ್ಟದವರೆಗೆ ಮಾತ್ರ. ಬಾವಿ ನೀರು, ನಲ್ಲಿ ನೀರು ಬೇಡ.

ಮೊದಲು ನೋಡಬೇಕಾದ್ದು

1. ನೆರಳು: ಪ್ಯಾನೆಲ್‌ನ ಸೆಲ್‌ಗಳು ಸರಪಳಿಯಂತೆ ಜೋಡಣೆಯಾಗಿರುತ್ತವೆ. ಸಿಲ್ವರ್ ಓಕ್‌ನ ಒಂದು ಕೊಂಬೆಯ ನೆರಳು ಮೂಲೆಯಲ್ಲಿ ಬಿದ್ದರೂ ವಿದ್ಯುತ್ ಗಣನೀಯವಾಗಿ ಇಳಿಯುತ್ತದೆ. ತೋಟದಲ್ಲಿ ಮರಗಸಿ ಮಾಡಿಸುವಾಗ ಪ್ಯಾನೆಲ್ ಕಡೆಯ ಕೊಂಬೆಗಳನ್ನೂ ನೋಡಿ.

2. ಪಾಚಿ, ಎಲೆ, ಹಕ್ಕಿ ಹಿಕ್ಕೆ: ನೀರು, ಮೆತ್ತನೆಯ ಬಟ್ಟೆಯಿಂದ ಒರೆಸಿ. ಪಾಚಿ ಕಟ್ಟಿದ ಹೆಂಚಿನ ಮೇಲೆ ಮಳೆಯಲ್ಲಿ ಹತ್ತಬೇಡಿ.

3. ಟರ್ಮಿನಲ್: ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ, ವೈರ್ ಸಡಿಲವಾಗಿದೆಯೇ ನೋಡಿ. ಬಿಚ್ಚಬೇಕಿದ್ದರೆ ಮೊದಲು ಪ್ಯಾನೆಲ್ ವೈರ್, ಆಮೇಲೆ ಬ್ಯಾಟರಿ ವೈರ್. ಜೋಡಿಸುವಾಗ ಮೊದಲು ಬ್ಯಾಟರಿ.

4. ವೋಲ್ಟೇಜ್: ಬೆಳಕು ಹರಿಯುವ ಮುನ್ನ, ದೀಪ ಆರಿಸಿಟ್ಟು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 12.7ರ ಆಸುಪಾಸು ಇದ್ದರೆ ಭರ್ತಿ, 12.2 ಅಂದರೆ ಅರ್ಧ, 11.9ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ.

ಖಾಲಿಯಿದ್ದರೆ ಕರೆಂಟ್ ಇರುವ ಕಡೆ ಸರಿಯಾದ ಚಾರ್ಜರ್‌ನಿಂದ ಪೂರ್ತಿ ಚಾರ್ಜ್ ಮಾಡಿಸಿ. ಆಮೇಲೂ ಒಂದೆರಡು ಬಲ್ಬಿಗೇ ಬೇಗ ಬರಿದಾದರೆ ಬ್ಯಾಟರಿ ಬದಲಿಸುವ ಮಾತಾಡಬಹುದು. ವಾರಗಟ್ಟಲೆ ಖಾಲಿ ಬಿಡಬೇಡಿ: ಸಲ್ಫೇಟ್ ಗಟ್ಟಿಯಾಗಿ, ಹಸಿದ ಬ್ಯಾಟರಿ ನಿಜಕ್ಕೂ ಸಾಯುವುದು ಹಾಗೆಯೇ.

ಎಚ್ಚರಿಕೆ: ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಬ್ಯಾಟರಿಯ ಹತ್ತಿರ ಬೀಡಿ, ದೀಪ, ಒಲೆ ಬೇಡ. ಆ್ಯಸಿಡ್ ಕಣ್ಣಿಗೆ ಸಿಡಿದರೆ ಕೂಡಲೇ ಕನಿಷ್ಠ 15 ನಿಮಿಷ ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಕೊನೆಯ ಮಾತು: ಆ್ಯಸಿಡ್ ಸುರಿದರೆ ಬ್ಯಾಟರಿ ಹೊಸದಾಗುತ್ತದೆ ಎಂಬುದು ಸುಳ್ಳು. ಮಳೆಯಲ್ಲಿ ಮಂಕಾದ ಬ್ಯಾಟರಿಯೆಲ್ಲ ಸತ್ತಿದೆ ಎಂಬುದೂ ನಿಜವಲ್ಲ. ಮನೆ ಗುಂಪಿನಲ್ಲಿ ಆ ಸಲಹೆ ಬಂದರೆ ಮುಂದಕ್ಕೆ ಕಳಿಸಬೇಡಿ, ಇದನ್ನು ಕಳಿಸಿ.