ದೇವಣಿಯ ಬಣ್ಣ ನೋಡಿದಿರಿ, ಹಾಲು ಕೇಳಿದಿರಾ?

ಕಪ್ಪು-ಬಿಳಿ ಮಚ್ಚೆಯ ಆಕಳು ಕಂಡರೆ ಸಾಕು, ‘ಎಚ್‌ಎಫ್’ ಎಂದುಬಿಡುವುದು ನಮ್ಮ ಓರಗೆಯವರ ರೂಢಿ. ಹುಮನಾಬಾದ್‌ನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗುವಾಗ ಮೊಬೈಲ್ ಪಕ್ಕಕ್ಕಿಟ್ಟು, ಹೊಲದ ಬದುವಿನಲ್ಲಿ ಮೇಯುವ ಆಕಳಿನ ಕಿವಿಯನ್ನೊಮ್ಮೆ ನೋಡಿ. ಕಿವಿ ಉದ್ದವಾಗಿ ಜೋತುಬಿದ್ದು ತುದಿಯಲ್ಲಿ ತುಸು ಬಾಗಿದ್ದರೆ, ಹಣೆ ಉಬ್ಬಿದ್ದರೆ, ಹೆಗಲ ಮೇಲೆ ಡುಬ್ಬವಿದ್ದರೆ ಅದು ಹಾಲೆಂಡಿನ ತಳಿಯಲ್ಲ, ನಮ್ಮದೇ ದೇವಣಿ.

ತಳಿಗೆ ಈ ಹೆಸರು ಬಂದದ್ದು ಉದಗೀರ್ ಹತ್ತಿರದ ದೇವಣಿ ಎಂಬ ಊರಿನಿಂದ. ಇಂದು ಅದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿದೆ. ಆದರೆ 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಉದಗೀರ್ ಕೂಡ ಬೀದರ್ ಜಿಲ್ಲೆಯದೇ ತಾಲ್ಲೂಕು. ಹಾಗಾಗಿ ‘ದೇವಣಿ ಮರಾಠಿಯವರದೋ ಕನ್ನಡದವರದೋ’ ಎಂದು ವಾದಿಸುವವರ ಜೊತೆ ನಾನು ಕೂರುವುದಿಲ್ಲ. ಗಿರ್, ಡಾಂಗಿ ಮತ್ತು ಇಲ್ಲಿನ ನಾಡದನಗಳ ಬೆರಕೆಯಿಂದ ಈ ತಳಿ ರೂಪುಗೊಂಡಿತು ಎನ್ನುತ್ತಾರೆ ತಜ್ಞರು. ಹಾಲಿಗೂ ಬಂತು, ಗಳೆ ಹೊಡೆಯಲಿಕ್ಕೂ ಬಂತು ಎಂಬುದು ಇದರ ಹೆಚ್ಚುಗಾರಿಕೆ.

ಇದರಲ್ಲಿ ಬಣ್ಣದ ಮೇಲೆ ಮೂರು ಬಗೆ. ಬಹುತೇಕ ಮೈಯೆಲ್ಲ ಬಿಳಿಯಾಗಿದ್ದರೆ ಬಾಲಂಕ್ಯಾ. ಮೈ ಬಿಳಿ, ಮುಖದ ಎರಡೂ ಪಕ್ಕ ಕಪ್ಪು ಇದ್ದರೆ ವಾನೇರಾ. ಕರಿಮುಖದ ಮುಸಿಯ ನೆನಪಾಗದೆ ಇರದು. ಬಿಳಿ ಮೈಮೇಲೆ ಯಾರೋ ಮಸಿ ಎರಚಿದಂತೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದರೆ ಶೇವರಾ. ಎಚ್‌ಎಫ್ ಎಂದು ಮೋಸಹೋಗುವುದು ಈ ಶೇವರಾ ನೋಡಿಯೇ. ಮೂರೂ ಬೇರೆ ಬೇರೆ ತಳಿಗಳಲ್ಲ, ಒಂದೇ ತಳಿಯ ಮೂರು ಅಂಗಿಗಳು.

ಬಣ್ಣದ ಹುಚ್ಚು ನಮ್ಮ ರೈತರಿಗೆ ಹೊಸದಲ್ಲ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಬೆಳೆ, ಕೆಂದ ಎತ್ತು ಮುಂದೆ ಬಂದರೆ ಮುಂಗಾರಿ ಬೆಳೆ ಛಲೋ ಎಂದು ಉತ್ತರ ಕರ್ನಾಟಕದ ಹಿರಿಯರು ಲೆಕ್ಕ ಹಾಕುತ್ತಾರೆ. ಜಾತ್ರೆಯಲ್ಲಿ, ಜಾನುವಾರು ಪ್ರದರ್ಶನದಲ್ಲಿ ಈ ಪ್ರೀತಿ ಇನ್ನೊಂದು ಮಟ್ಟಕ್ಕೆ ಹೋಗುತ್ತದೆ. ಹೋರಿಯನ್ನು ವಾರದ ಮೊದಲೇ ತಿಕ್ಕಿ ತೊಳೆದು, ಕೊಂಬು ಹೆರೆದು ಎಣ್ಣೆ ಹಚ್ಚಿ, ಕೊರಳಿಗೆ ಗೆಜ್ಜೆಪಟ್ಟಿ ಕಟ್ಟಿ ತರುತ್ತಾರೆ. 2020ರ ಫೆಬ್ರುವರಿಯಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಆವರಣದಲ್ಲಿ ರಾಜ್ಯಮಟ್ಟದ ಪಶು ಮೇಳವೇ ನಡೆದಿತ್ತು. ಇಂಥ ಕಡೆ ಜನ ಹೆಚ್ಚು ಹೊತ್ತು ನಿಲ್ಲುವುದು ಬಣ್ಣ ತಿದ್ದಿ ತೀಡಿದಂತಿರುವ ಹೋರಿಯ ಮುಂದೆ. ಮುಖದ ಕಪ್ಪು ಎರಡೂ ಕಡೆ ಸಮವಾಗಿರುವ ವಾನೇರಾ ಬಂತೆಂದರೆ ಸೆಲ್ಫಿಗೆ ಸಾಲು.

ನನ್ನ ತಕರಾರು ಇರುವುದು ಇಲ್ಲಿ. ನಾನು ನೋಡಿದ ಊರ ಪ್ರದರ್ಶನಗಳಲ್ಲಿ ‘ಇದರ ತಾಯಿ ಎಷ್ಟು ಹಾಲು ಕೊಟ್ಟಿತ್ತು’ ಎಂದು ಕೇಳಿದವರು ಕಡಿಮೆ. ಹೋರಿ ತಾನೇ ಹಾಲು ಕೊಡುವುದಿಲ್ಲ ನಿಜ, ಆದರೆ ಮಗಳಿಗೆ ಹಾಲಿನ ಗುಣ ದಾಟಿಸುವುದರಲ್ಲಿ ಅದರದು ಅರ್ಧ ಪಾಲು. ದೇವಣಿ ಒಂದು ಸೂಲಿಗೆ ಕೊಡುವ ಹಾಲು ಸರಾಸರಿ 870 ಕಿಲೋ ಆಸುಪಾಸು, ಕೊಬ್ಬು ಶೇ 4ಕ್ಕೂ ಮೇಲೆ. ಎಚ್‌ಎಫ್ ಮಿಶ್ರತಳಿಯ ಮುಂದೆ ಇದು ಕಡಿಮೆ ಎಂದು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಸರಾಸರಿ ಎಂದರೆ ಅದಕ್ಕಿಂತ ಬಹಳ ಹೆಚ್ಚು ಕೊಡುವ ಆಕಳುಗಳೂ ಇವೆ ಎಂದೇ. ಅವುಗಳ ಗಂಡುಕರು ಯಾವ ಮನೆಯಲ್ಲಿದೆ? ಮಚ್ಚೆ ಸರಿಯಿಲ್ಲ ಎಂದು ಸಂತೆಗೆ ಹೋಗಿಬಿಟ್ಟಿತೇ?

ಬಣ್ಣಕ್ಕಾಗಿಯೇ ಪ್ರಾಣಿ ಸಾಕುವ ಹವ್ಯಾಸ ಎಲ್ಲ ದೇಶಗಳಲ್ಲೂ ಇದೆ. ಇಂಗ್ಲೆಂಡಿನಲ್ಲಿ ಸಾಕು ಇಲಿಗಳಿಗೂ ಸಂಘವಿದೆ, ಅದು ಹುಟ್ಟಿದ್ದು 1895ರಲ್ಲಿ! ಪುಟ್ಟ ಡಬ್ಬಿಯಲ್ಲಿ ಇಲಿ ಕೂರಿಸಿ, ಬಣ್ಣಕ್ಕೆ ಅಂಕ ಹಾಕಿ ಬಹುಮಾನ ಕೊಡುತ್ತಾರೆ. ಇಲಿಗೆ ಗರ್ಭ ಮೂರು ವಾರ, ಒಂದೂವರೆ-ಎರಡು ತಿಂಗಳಿಗೆ ಮರಿಯೂ ಪ್ರಾಯಕ್ಕೆ ಬರುತ್ತದೆ. ಜೋಡಿ ಕೂಡಿಸಿದ್ದು ಸರಿಹೋಗಲಿಲ್ಲ ಎಂದರೆ ಅದೇ ವರ್ಷ ಇನ್ನೊಮ್ಮೆ ನೋಡಬಹುದು. ಆಕಳಿನದು ಹಾಗಲ್ಲ. ಗರ್ಭವೇ ಒಂಬತ್ತು ತಿಂಗಳ ಮೇಲೆ, ದೇವಣಿ ಮಣಕ ಮೊದಲ ಸಲ ಈಯುವ ಹೊತ್ತಿಗೆ ಅದಕ್ಕೆ ನಾಲ್ಕು ವರ್ಷದ ಸುಮಾರು. ಬಣ್ಣದ ಬೆನ್ನು ಹತ್ತಿ ಒಂದು ಹೆಜ್ಜೆ ತಪ್ಪಿದರೆ ಐದು ವರ್ಷ ಹೋಯಿತು.

ಅದಕ್ಕಿಂತ ದೊಡ್ಡ ಅಪಾಯ ರಕ್ತಸಂಬಂಧದ್ದು. ಊರಿನಲ್ಲಿ ಬಹುಮಾನ ಪಡೆದ ಹೋರಿ ಒಂದೇ ಇದೆ, ಎಲ್ಲರೂ ಅದಕ್ಕೇ ಬಿಡಿಸುತ್ತಾರೆ ಎಂದುಕೊಳ್ಳಿ. ನಾಲ್ಕನೆಯ ವರ್ಷಕ್ಕೆ ಅದರದೇ ಮಗಳು ಬೆದೆಗೆ ಬಂದು ಅದರದೇ ಎದುರು ನಿಲ್ಲುತ್ತಾಳೆ. ಹಾಗೆ ಹುಟ್ಟಿದ ಕರುವಿನಲ್ಲಿ ಒಳಸಂಬಂಧದ ಪ್ರಮಾಣ ಶೇ 25. ಒಂದೇ ತಂದೆಯ, ಬೇರೆ ತಾಯಂದಿರ ಮಕ್ಕಳು ಕೂಡಿದರೂ ಶೇ 12.5. ಕರು ನೋಡಲು ಚಂದವೇ ಇರಬಹುದು. ಕಟ್ಟು ನಿಲ್ಲದಿರುವುದು, ಬೆಳವಣಿಗೆ ಕುಂಠಿತವಾಗುವುದು, ಹಾಲು ಇಳಿಯುವುದು ಆಮೇಲೆ ಕಾಣುತ್ತದೆ. ಮೂರು ವರ್ಷಕ್ಕೊಮ್ಮೆ ಹೋರಿ ಬದಲಿಸಿ ಎಂದು ಪಶುವೈದ್ಯರು ಹೇಳುವುದು ಇದಕ್ಕೇ.

ಈ ಮಾತನ್ನು ನಮ್ಮ ಕಾಕಾನಿಗೆ ಹೇಳಿದಾಗ ಅವರು, ‘ಅದೆಲ್ಲ ಯಾರು ನೆನಪ ಇಡ್ತಾರಪಾ? ಯಾವ ಕರು ಯಾವ ಹೋರಿಂದು ಅಂತ ನನಗೇ ಗೊತ್ತಿಲ್ಲ’ ಎಂದರು. ನೆನಪಿಡಬೇಕಾಗಿಲ್ಲ, ಬರೆದಿಡಬೇಕು. ಆಕಳಿನ ಕಿವಿಯಲ್ಲಿ ನೇತಾಡುವ ಹಳದಿ ಬಿಲ್ಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದಲ್ಲ, ಅದು ಬರೀ ವಿಮೆಗೆ ಇರುವುದಲ್ಲ. ಗರ್ಭಧಾರಣೆ, ಕರು, ಲಸಿಕೆ ಎಲ್ಲವನ್ನೂ ಅದರ ಹೆಸರಿಗೆ ದಾಖಲಿಸಬಹುದು. ಕೃತಕ ಗರ್ಭಧಾರಣೆಯ ಕಡ್ಡಿಯ ಮೇಲೂ ಹೋರಿಯ ಸಂಖ್ಯೆ, ತಳಿ ಅಚ್ಚಾಗಿರುತ್ತದೆ. ಕೆಲಸ ಮುಗಿದ ಮೇಲೆ ಆ ಕಡ್ಡಿಯನ್ನು ಎಸೆಯುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಂಡರೂ ಸಾಕು. ಪದವಿ ಓದಿ ಮನೆಯಲ್ಲಿ ಕೂತ ನಮ್ಮಂಥವರಿಗೆ ಇದು ಅರ್ಧ ನಿಮಿಷದ ಕೆಲಸ.

ಇದರಲ್ಲೇ ದುಡಿಮೆಯೂ ಇದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಗೋಕುಲ್ ಮಿಷನ್ ಅಡಿ ‘ಮೈತ್ರಿ’ ಹೆಸರಿನಲ್ಲಿ ಹಳ್ಳಿಯ ಯುವಕ-ಯುವತಿಯರಿಗೆ ಮೂರು ತಿಂಗಳು ಕೃತಕ ಗರ್ಭಧಾರಣೆಯ ತರಬೇತಿ ಕೊಡುತ್ತಾರೆ. ಮುಂದೆ ಮನೆಬಾಗಿಲಿಗೆ ಹೋಗಿ ಮಾಡುವ ಸೇವೆಗೆ ಪಡೆಯುವ ಶುಲ್ಕವೇ ಆದಾಯ. ಸರ್ಕಾರಿ ನೌಕರಿಯಲ್ಲ, ತಿಂಗಳ ಸಂಬಳವೂ ಇಲ್ಲ. ಅದನ್ನು ತಿಳಿದೇ ಹೋಗಬೇಕು. 2021ರಿಂದ ಕೊಡುತ್ತಿರುವ ರಾಷ್ಟ್ರೀಯ ಗೋಪಾಲ್ ರತ್ನ ಪ್ರಶಸ್ತಿಯಲ್ಲಿ ದೇಸಿ ತಳಿ ಸಾಕುವ ಹೈನುಗಾರರಿಗೆ ಮೊದಲ ಬಹುಮಾನ 5 ಲಕ್ಷ ರೂಪಾಯಿ. ನಮ್ಮ ಜಿಲ್ಲೆಯಲ್ಲೇ ದೇವಣಿಗೆಂದು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಹೋರಿ ಆರಿಸುವ ಮೊದಲು ಅಲ್ಲಿ ಹೋಗಿ ತಾಯಿಯ ಹಾಲಿನ ಲೆಕ್ಕ ಕೇಳಬಹುದು.

ಕಾಕಾನ ಕೊಟ್ಟಿಗೆಯ ಗೋಡೆಗೆ ಈಗ ಒಂದು ನೂರು ಪುಟದ ನೋಟ್‌ಬುಕ್ ತೂಗುಹಾಕಿದ್ದೇನೆ. ಬಿಲ್ಲೆ ಸಂಖ್ಯೆ, ಬೆದೆಗೆ ಬಂದ ದಿನ, ಹೋರಿಯ ಸಂಖ್ಯೆ, ತಿಂಗಳಿಗೊಮ್ಮೆ ಅಳೆದ ಹಾಲು, ಇಷ್ಟೇ ಕಲಮುಗಳು. ಬಣ್ಣಕ್ಕೆಂದು ಒಂದು ಕಲಮು ಬೇಕೇ ಬೇಕು ಎಂದು ಕಾಕಾ ಹಟ ಹಿಡಿದರು. ಕೊನೆಯಲ್ಲಿ ಸಣ್ಣದೊಂದು ಗೆರೆ ಎಳೆದುಕೊಟ್ಟೆ. ವಾನೇರಾ ಆಕಳು ಈಗ ಏಳು ತಿಂಗಳ ಗಬ್ಬ. ಕರುವಿನ ಮುಖ ಕಪ್ಪೋ ಬಿಳಿಯೋ ಎಂದು ಮನೆಯಲ್ಲಿ ಪಂದ್ಯ ನಡೆದಿದೆ.